ಆಲ್ಪ್ಸ್‌ನಲ್ಲಿ ಸ್ಕೀ ಕಲಿಯಲು ಹೊರಟವರಿಗೆ: ವೆಂಗೆನ್‌ನಲ್ಲಿ ಉಳಿದು ಬಂದ ಅನುಭವ

ಸ್ಕೀ ಕಲಿಯುವ ಆಸೆಯಿಂದ ಆಲ್ಪ್ಸ್‌ಗೆ ಹೊರಟವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಪ್ಯಾರಿಸ್, ವೆನಿಸ್, ರೋಮ್ ನಡುವೆ ಹಿಮಕ್ಕೆಂದು ಒಂದು ದಿನ ಇಟ್ಟುಕೊಳ್ಳಬೇಡಿ. ಆ ಒಂದು ದಿನ ಬೂಟು ಹುಡುಕಿ ಹಾಕಿಕೊಳ್ಳುವುದರಲ್ಲಿ, ಬೀಳುವುದರಲ್ಲಿ, ಏಳುವುದರಲ್ಲಿ ಮುಗಿದುಹೋಗುತ್ತದೆ. ಸ್ಕೀ ಮೈಗೆ ಹತ್ತುವುದು ಸಾಮಾನ್ಯವಾಗಿ ಮೂರನೆಯ ಅಥವಾ ನಾಲ್ಕನೆಯ ದಿನ. ಅಲ್ಲಿಯವರೆಗೆ ತಾಳ್ಮೆಯಿಂದ ಉಳಿದವರಿಗೆ ಸಿಗುವ ಖುಷಿ, ಮೊದಲ ದಿನವೇ ಹೊರಟುಬಿಟ್ಟವರಿಗೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ಒಂದು ಊರು ಆರಿಸಿ, ಕನಿಷ್ಠ ಐದಾರು ದಿನ ಅಲ್ಲೇ ಇರಿ.

ನಾವು ಆರಿಸಿದ್ದು ಸ್ವಿಟ್ಜರ್ಲೆಂಡಿನ ಬರ್ನೀಸ್ ಓಬರ್‌ಲಾಂಡ್ ಪ್ರದೇಶದ ವೆಂಗೆನ್. ನಾನು, ನನ್ನ ಗಂಡ, ಒಂಬತ್ತು ವರ್ಷದ ಮಗಳು, ಜೊತೆಗೆ ಎಪ್ಪತ್ತರ ಹತ್ತಿರದ ಅತ್ತೆ. ಸ್ಕೀ ಮಾಡುವವರೂ ಮಾಡದವರೂ ಇರುವ ಕುಟುಂಬಕ್ಕೆ ಇದಕ್ಕಿಂತ ಹೊಂದುವ ಊರು ಕಡಿಮೆ ಎಂದು ಈಗ ಧೈರ್ಯವಾಗಿ ಹೇಳುತ್ತೇನೆ. ಊರು 1,274 ಮೀಟರ್ ಎತ್ತರದಲ್ಲಿ, ಕಣಿವೆಯ ಮೇಲಿನ ಬಿಸಿಲು ಬೀಳುವ ಹಾಸಿನ ಮೇಲಿದೆ. ಅಲ್ಲಿಗೆ ಕಾರು ಹೋಗುವುದಿಲ್ಲ, ಕೆಳಗಿನ ಲೌಟರ್‌ಬ್ರುನನ್‌ನಿಂದ ರೈಲೊಂದೇ ದಾರಿ. ಬೀದಿಯಲ್ಲಿ ಮಕ್ಕಳು ಸ್ಲೆಡ್ಜ್ ಎಳೆದುಕೊಂಡು ಓಡಾಡುತ್ತಾರೆ, ವಯಸ್ಸಾದವರು ಗಾಡಿಯ ಭಯವಿಲ್ಲದೆ ನಡೆಯುತ್ತಾರೆ. ಆರಂಭಿಕರ ಇಳಿಜಾರು ಊರಿನ ನಟ್ಟನಡುವೆಯೇ ಇದೆ. ನಾವು ಬೀಳುತ್ತ ಕಲಿಯುವುದನ್ನು ಅತ್ತೆ ಪಕ್ಕದಲ್ಲೇ ನಿಂತು ನೋಡಬಹುದಿತ್ತು, ಚಳಿ ಜಾಸ್ತಿಯಾದರೆ ನಡೆದೇ ಮನೆ ಸೇರಬಹುದಿತ್ತು.

ಯಾವಾಗ ಹೋಗಬೇಕು? ಕ್ರಿಸ್ಮಸ್‌ನಿಂದ ಹೊಸ ವರ್ಷದ ಮೊದಲ ವಾರದವರೆಗೆ ಬಾಡಿಗೆ ವಿಪರೀತ. ಫೆಬ್ರವರಿಯಲ್ಲಿ ಯುರೋಪಿನ ಶಾಲೆಗಳಿಗೆ ಚಳಿಗಾಲದ ರಜೆ, ಆಗಲೂ ಜನಸಂದಣಿ. ಮಾರ್ಚ್ ಕಲಿಯುವವರಿಗೆ ತುಂಬ ಒಳ್ಳೆಯ ತಿಂಗಳು, ಹಗಲು ಉದ್ದ, ಬಿಸಿಲು ಹಿತ. ಆದರೆ ನಮ್ಮ ಮಕ್ಕಳಿಗೆ ಅದೇ ಪರೀಕ್ಷೆಯ ಕಾಲ. ಹಾಗಾಗಿ ಶಾಲೆಗೆ ಹೋಗುವ ಮಕ್ಕಳಿರುವವರಿಗೆ ಜನವರಿಯ ಉತ್ತರಾರ್ಧ ಸರಿ. ಶಾಲೆಯಿಂದ ರಜೆ ಕೇಳಬೇಕಾಗುತ್ತದೆ, ಚಳಿಯೂ ಹೆಚ್ಚು, ಆದರೆ ಹಿಮ ಚೆನ್ನಾಗಿರುತ್ತದೆ. ಡಿಸೆಂಬರ್ ಆರಂಭವನ್ನು ನಾನು ಯಾರಿಗೂ ಹೇಳುವುದಿಲ್ಲ. ಈಚಿನ ವರ್ಷಗಳಲ್ಲಿ ತಗ್ಗಿನ ಊರುಗಳಲ್ಲಿ ಹಿಮ ತಡವಾಗಿ ಬೀಳುತ್ತಿದೆ. ಯಂತ್ರದಿಂದ ಹಿಮ ಹಾಕಿದ ಇಳಿಜಾರಿನ ಪಟ್ಟಿಯ ಎರಡೂ ಬದಿಗೆ ಹುಲ್ಲು ಕಾಣುವ ದಿನಗಳೂ ಇರುತ್ತವೆ.

ಜನವರಿ ಮಧ್ಯದಲ್ಲಿ, ನಮ್ಮ ಸಂಕ್ರಾಂತಿಯ ಆಸುಪಾಸಿನಲ್ಲಿ, ಇಲ್ಲಿ ಲೌಬರ್‌ಹಾರ್ನ್ ಎಂಬ ಸ್ಕೀ ಸ್ಪರ್ಧೆ ನಡೆಯುತ್ತದೆ. 1930ರಲ್ಲಿ ಶುರುವಾದದ್ದು. ಇದರ ಡೌನ್‌ಹಿಲ್ ಓಟದ ಹಾದಿ ಸುಮಾರು ನಾಲ್ಕೂವರೆ ಕಿಲೋಮೀಟರ್, ವಿಶ್ವಕಪ್ ಸ್ಪರ್ಧೆಗಳಲ್ಲೇ ಅತಿ ಉದ್ದ. ಇಡೀ ಹಾದಿಯನ್ನು ಆಟಗಾರರು ಎರಡೂವರೆ ನಿಮಿಷದ ಆಚೀಚೆ ಇಳಿದುಬಿಡುತ್ತಾರೆ. 2013ರಲ್ಲಿ ಫ್ರಾನ್ಸಿನ ಯೋಹಾನ್ ಕ್ಲಾರೆ ಇಲ್ಲಿನ ಹಾನೆಗ್‌ಶುಸ್ ಎಂಬ ನೇರ ಇಳಿತದಲ್ಲಿ ಗಂಟೆಗೆ 161.9 ಕಿಲೋಮೀಟರ್ ವೇಗ ಮುಟ್ಟಿದ್ದರು. ನೋಡಲೇಬೇಕು ಎನ್ನುವವರು ಬಹಳ ಮುಂಚೆಯೇ ಕೋಣೆ ಕಾದಿರಿಸಬೇಕು. ಕಲಿಯಲು ಹೋಗುವವರು ಸ್ಪರ್ಧೆ ಮುಗಿದ ಮರುವಾರ ಹೋಗಿ. ಊರು ನಿಮ್ಮದಾಗುತ್ತದೆ, ಮುಚ್ಚಿದ್ದ ಇಳಿಜಾರುಗಳೂ ತೆರೆದಿರುತ್ತವೆ.

ವೀಸಾ ವಿಷಯ. ಬೇಕಾಗುವುದು ಷೆಂಗೆನ್ ಅಲ್ಪಾವಧಿ ವೀಸಾ. ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45, ಅದಕ್ಕಿಂತ ಚಿಕ್ಕವರಿಗೆ ಶುಲ್ಕವಿಲ್ಲ. ಪ್ರಯಾಣಕ್ಕೆ ಆರು ತಿಂಗಳು ಇರುವಾಗಲೇ ಅರ್ಜಿ ಹಾಕಬಹುದು. ಚಳಿಗಾಲದ ರಜೆಗೆ ಹೋಗುವವರು ದಸರೆ ಮುಗಿಯುತ್ತಲೇ ಕೂತು ಕಾಗದಪತ್ರ ಹೊಂದಿಸಿದರೆ ನೆಮ್ಮದಿ.

ಇದರಲ್ಲಿ ಎಚ್ಚರದಿಂದ ಓದಬೇಕಾದ ಕಾಗದ ವಿಮೆಯದು. ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕೇಳುತ್ತಾರೆ, ಅದು ಸುಲಭವಾಗಿ ಸಿಗುತ್ತದೆ. ಆದರೆ ನಮ್ಮಲ್ಲಿ ಮಾರುವ ಸಾಧಾರಣ ಪಾಲಿಸಿಗಳಲ್ಲಿ ಹಲವು ಚಳಿಗಾಲದ ಕ್ರೀಡೆಯನ್ನು ಹೊರಗಿಟ್ಟಿರುತ್ತವೆ. ಸ್ಕೀ ಮಾಡುವಾಗ ಮಂಡಿ ತಿರುಚಿದರೆ ಆ ಪಾಲಿಸಿಯಿಂದ ಬಿಡಿಗಾಸೂ ಬರುವುದಿಲ್ಲ. ಸ್ಕೀ ಎಂಬ ಪದ ಪಾಲಿಸಿಯಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಬೆಟ್ಟದಿಂದ ಹೆಲಿಕಾಪ್ಟರ್‌ನಲ್ಲಿ ಇಳಿಸಿ ತರುವ ವೆಚ್ಚವೂ ಸೇರಿರಬೇಕು. ಸ್ವಿಟ್ಜರ್ಲೆಂಡಿನಲ್ಲಿ ಆ ರಕ್ಷಣೆ ಬಿಟ್ಟಿ ಸೇವೆಯಲ್ಲ, ಬಿಲ್ಲು ಗಾಯಗೊಂಡವರ ಹೆಸರಿಗೇ ಬರುತ್ತದೆ. ಫೋನಿನಲ್ಲಿ ಎರಡು ಸಂಖ್ಯೆ ಉಳಿಸಿಕೊಳ್ಳಿ: ಹೆಲಿಕಾಪ್ಟರ್ ರಕ್ಷಣೆಗೆ 1414, ಸಾಮಾನ್ಯ ತುರ್ತಿಗೆ 112.

ಜೂರಿಕ್ ವಿಮಾನ ನಿಲ್ದಾಣದ ಅಡಿಯಲ್ಲೇ ರೈಲು ನಿಲ್ದಾಣವಿದೆ. ಅಲ್ಲಿಂದ ಬರ್ನ್ ಮೇಲೆ ಇಂಟರ್‌ಲಾಕನ್‌ಗೆ ಎರಡೂಕಾಲು ಗಂಟೆಯ ಆಸುಪಾಸು. ಇಂಟರ್‌ಲಾಕನ್‌ನಲ್ಲಿ ಎರಡು ನಿಲ್ದಾಣಗಳಿವೆ, ವೆಸ್ಟ್‌ನಲ್ಲಿ ಇಳಿಯಬೇಡಿ, ಓಸ್ಟ್ ತನಕ ಹೋಗಿ. ಅಲ್ಲಿ ಹತ್ತುವ ಸಣ್ಣ ರೈಲು ತ್ಸ್ವೈಲ್ಯುಟ್ಶಿನೆನ್ ಎಂಬಲ್ಲಿ ಎರಡಾಗಿ ಬೇರ್ಪಡುತ್ತದೆ. ಒಂದು ತುಂಡು ಗ್ರಿಂಡೆಲ್‌ವಾಲ್ಡ್‌ಗೆ, ಇನ್ನೊಂದು ಲೌಟರ್‌ಬ್ರುನನ್‌ಗೆ. ಬೋಗಿಯ ಮೇಲಿನ ಫಲಕ ನೋಡಿಯೇ ಹತ್ತಿ, ಮನೆಯವರೆಲ್ಲ ಒಂದೇ ತುಂಡಿನಲ್ಲಿ ಕೂರಿ. ಲೌಟರ್‌ಬ್ರುನನ್‌ನಲ್ಲಿ ಸುಮಾರು 300 ಮೀಟರ್ ಎತ್ತರದ ಬಂಡೆಯಿಂದ ಸ್ಟೌಬಾಖ್ ಜಲಪಾತ ಬೀಳುತ್ತದೆ. ಅಲ್ಲಿಂದ ಮೇಲಕ್ಕೆ ಹಲ್ಲುಹಳಿಯ ರೈಲು, ಹಳಿಗಳ ನಡುವಿನ ಹಲ್ಲಿನ ಪಟ್ಟಿಗೆ ಚಕ್ರ ಕಚ್ಚಿಕೊಂಡು ಏರು ಹತ್ತುವಂಥದ್ದು. 1893ರಿಂದ ಓಡುತ್ತಿದೆ. ಮೆಟ್ಟುಪಾಳ್ಯಂನಿಂದ ಕೂನೂರಿಗೆ ಹತ್ತುವ ನಮ್ಮ ನೀಲಗಿರಿ ರೈಲಿನ ಹಳೆಯ ಉಗಿ ಎಂಜಿನ್‌ಗಳನ್ನು ಕಟ್ಟಿದ್ದೂ ಇದೇ ದೇಶದ ವಿಂಟರ್‌ಟೂರ್‌ನಲ್ಲಿ. ಅತ್ತೆಗೆ ಇದನ್ನು ಹೇಳಿದಾಗಿನಿಂದ ಆ ರೈಲಿನ ಮೇಲೆ ಅವರಿಗೆ ವಿಶೇಷ ಅಭಿಮಾನ.

ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ವೆಂಗೆನ್‌ವರೆಗಿನ ರೈಲೆಲ್ಲ ಅದರಲ್ಲೇ ಬರುತ್ತದೆ. 6ರಿಂದ 15 ವರ್ಷದ ಮಕ್ಕಳಿಗೆ ಫ್ಯಾಮಿಲಿ ಕಾರ್ಡ್ ಕೇಳಿ ಪಡೆಯಿರಿ, ತಂದೆ ಅಥವಾ ತಾಯಿಯ ಜೊತೆ ಅವರ ಪ್ರಯಾಣ ಉಚಿತ. ವೆಂಗೆನ್‌ನಿಂದ ಮೇಲಕ್ಕೆ ಮಾತ್ರ ರಿಯಾಯಿತಿ, ಪೂರ್ತಿ ಉಚಿತವಲ್ಲ. ಇಡೀ ವಾರ ಒಂದೇ ಊರಿನಲ್ಲಿ ಇರುವವರಿಗೆ ಆ ಪಾಸ್‌ಗಿಂತ ಅರ್ಧ ದರದ ಕಾರ್ಡ್ ಅಗ್ಗವಾಗಬಹುದು. ಎರಡನ್ನೂ ಲೆಕ್ಕ ಹಾಕಿ ನೋಡಿ.

ಸ್ಕೀ ಪಾಸ್ ಬೇರೆಯದೇ. ಇಡೀ ಪ್ರದೇಶದ ಪಾಸ್ ದೊಡ್ಡವರಿಗೆ ದಿನಕ್ಕೆ 70 ಫ್ರಾಂಕ್ ದಾಟುತ್ತದೆ. 200 ಕಿಲೋಮೀಟರಿಗೂ ಹೆಚ್ಚಿನ ಇಳಿಜಾರುಗಳು ಅದರಲ್ಲಿ ಬರುತ್ತವೆ, ನಿಜ. ಆದರೆ ಮೊದಲೆರಡು ದಿನ ನೀವು ಊರ ನಡುವಿನ ಬಯಲು ಬಿಟ್ಟು ಕದಲುವುದಿಲ್ಲ. ಆರಂಭಿಕರ ಲಿಫ್ಟ್‌ಗೆ ಮಾತ್ರ ಟಿಕೆಟ್ ಕೊಂಡು, ತರಬೇತುದಾರರು ಮೇಲೆ ಹೋಗಬಹುದು ಎಂದ ದಿನ ದೊಡ್ಡ ಪಾಸ್ ಕೊಳ್ಳಿ.

ಬಟ್ಟೆಗೆ ದುಡ್ಡು ಸುರಿಯಬೇಡಿ. ಸ್ಕೀ, ಕೋಲು, ಬೂಟು, ಹೆಲ್ಮೆಟ್ ಎಲ್ಲ ಅಲ್ಲೇ ಬಾಡಿಗೆಗೆ ಸಿಗುತ್ತವೆ. ನೀರು ಒಳಬಿಡದ ಜಾಕೆಟ್ಟು, ಪ್ಯಾಂಟನ್ನೂ ಕೆಲವು ಅಂಗಡಿಗಳು ಬಾಡಿಗೆಗೆ ಕೊಡುತ್ತವೆ. ಊರಿಂದ ಒಯ್ಯಬೇಕಾದದ್ದು ಮೈಗಂಟುವ ಥರ್ಮಲ್ ಎರಡು ಜೊತೆ, ಮೇಲೊಂದು ಫ್ಲೀಸ್. ಹತ್ತಿಯ ಬನಿಯನ್ ಬೇಡವೇ ಬೇಡ, ಬೆವರು ಹೀರಿ ಒದ್ದೆಯಾಗಿ ಉಳಿದು ನಡುಗಿಸುತ್ತದೆ. ಕೈಗವಸಿಗೆ ಮಾತ್ರ ಜಿಪುಣತನ ಮಾಡಬೇಡಿ. ಕಲಿಯುವವರ ಕೈ ಇಡೀ ದಿನ ಹಿಮದಲ್ಲೇ ಇರುತ್ತದೆ, ಉಣ್ಣೆಯ ಗವಸು ಅರ್ಧ ಗಂಟೆಯಲ್ಲಿ ತೊಯ್ದು ಹೋಗುತ್ತದೆ. ಹಿಮದಿಂದ ಪುಟಿಯುವ ಬಿಸಿಲು ಕೆಳಗಿನಿಂದಲೂ ಸುಡುತ್ತದೆ, ಹಾಗಾಗಿ ಸನ್‌ಸ್ಕ್ರೀನನ್ನು ಗಲ್ಲದ ಅಡಿಗೂ ಮೂಗಿನ ಕೆಳಗೂ ಹಚ್ಚಿ.

ಬೂಟಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಸ್ಕೀ ಬಿಟ್ಟುಬಿಡುವವರಲ್ಲಿ ಹೆಚ್ಚಿನವರು ಬಿಡುವುದು ಬೂಟಿನ ನೋವಿಗೆ. ನೆಟ್ಟಗೆ ನಿಂತಾಗ ಬೆರಳ ತುದಿ ಮುಂಭಾಗಕ್ಕೆ ಸೋಕಬೇಕು, ಮಂಡಿ ಬಗ್ಗಿಸಿದಾಗ ತುಸು ಹಿಂದೆ ಸರಿಯಬೇಕು. ಹಿಮ್ಮಡಿ ಮೇಲೇಳಬಾರದು. ಚಳಿಯೆಂದು ಎರಡು ಕಾಲುಚೀಲ ಹಾಕಿದರೆ ರಕ್ತ ಓಡಾಡದೆ ಪಾದ ಇನ್ನೂ ತಣ್ಣಗಾಗುತ್ತದೆ. ಮೊಣಕಾಲವರೆಗೆ ಬರುವ ಒಂದೇ ತೆಳು ಚೀಲ ಸಾಕು. ಥರ್ಮಲ್ ಪ್ಯಾಂಟಿನ ಅಂಚನ್ನು ಬೂಟಿನೊಳಗೆ ತೂರಿಸಬೇಡಿ, ಕಣಕಾಲಿಗೆ ಒತ್ತಿ ಗಾಯವಾಗುತ್ತದೆ. ಸರಿಹೋಗದಿದ್ದರೆ ಸಂಕೋಚವಿಲ್ಲದೆ ಅದೇ ಸಂಜೆ ಅಂಗಡಿಗೆ ಹೋಗಿ ಬದಲಿಸಿ ಎನ್ನಿ, ಬದಲಿಸಿಕೊಡುತ್ತಾರೆ. ಅಂಗಡಿಯವರು ತೂಕ, ಎತ್ತರ, ವಯಸ್ಸು ಕೇಳುತ್ತಾರೆ. ಬಿದ್ದಾಗ ಸ್ಕೀ ಕಾಲಿನಿಂದ ಕಳಚಿಕೊಳ್ಳುವ ಬೈಂಡಿಂಗ್‌ನ ಬಿಗಿಯನ್ನು ಅದರ ಮೇಲೆಯೇ ಹೊಂದಿಸುತ್ತಾರೆ. ಅಲ್ಲಿ ತೂಕ ಹೆಚ್ಚು ಕಡಿಮೆ ಹೇಳಿದರೆ ಪೆಟ್ಟು ಬೀಳುವುದು ಮಂಡಿಗೆ.

ತರಗತಿಗೆ ಸೇರಲೇಬೇಕು. ಸ್ವಲ್ಪ ಬಲ್ಲ ಸ್ನೇಹಿತರು ಕಲಿಸುತ್ತೇವೆ ಎಂದರೂ ನಯವಾಗಿ ಬೇಡ ಎನ್ನಿ. ಮಕ್ಕಳನ್ನು ಮಕ್ಕಳ ಗುಂಪಿಗೇ ಬಿಡಿ, ಅಪ್ಪ ಅಮ್ಮ ದೂರ ಇದ್ದಷ್ಟೂ ಬೇಗ ಕಲಿಯುತ್ತಾರೆ. ಮೊದಲು ಒಂದೇ ಕಾಲಿಗೆ ಸ್ಕೀ ಹಾಕಿ ನಡೆಸುತ್ತಾರೆ. ಆಮೇಲೆ ಮುಂದಿನ ತುದಿಗಳನ್ನು ಹತ್ತಿರ ತಂದು ಹಿಂಭಾಗ ಅಗಲಿಸಿ ನಿಲ್ಲುವುದು. ಅದನ್ನು ಮಕ್ಕಳಿಗೆ ಪಿಜ್ಜಾ ಎಂದು ಹೇಳಿಕೊಡುತ್ತಾರೆ, ನನ್ನ ಮಗಳು ಈಗಲೂ ಹಾಗೇ ಕರೆಯುತ್ತಾಳೆ. ದೊಡ್ಡವರಿಗೆ ಎದುರಾಗುವ ಕಷ್ಟ ಭಯದ್ದು. ಇಳಿಜಾರು ಕಂಡೊಡನೆ ಮೈ ಹಿಂದಕ್ಕೆ ವಾಲುತ್ತದೆ, ವಾಲಿದೊಡನೆ ಸ್ಕೀ ಮಾತು ಕೇಳುವುದಿಲ್ಲ. ಕಣಕಾಲಿನ ಮುಂಭಾಗವನ್ನು ಬೂಟಿಗೆ ಒತ್ತಿ, ಕಣ್ಣು ದೂರಕ್ಕೆ ಇಟ್ಟು, ಕೈ ಮುಂದೆ ಚಾಚಿದರೆ ತಿರುವು ತಾನಾಗಿ ಬರುತ್ತದೆ. ನನ್ನ ಗಂಡನಿಗೆ ಇದು ಅರ್ಥವಾದ ಮಧ್ಯಾಹ್ನ ಅವರು ಊಟವನ್ನೂ ಮರೆತು ಮತ್ತೆ ಮತ್ತೆ ಮೇಲೆ ಹತ್ತಿ ಇಳಿದರು. ಟಿ ಆಕಾರದ ಎಳೆಯುವ ಲಿಫ್ಟ್‌ನ ಮೇಲೆ ಕೂರಲು ಹೋಗಬೇಡಿ, ಅದು ನಿಂತವರನ್ನು ಎಳೆದುಕೊಂಡು ಹೋಗಲು ಮಾತ್ರ.

ಮೇಲಿನ ಇಳಿಜಾರುಗಳಿಗೆ ಬಣ್ಣಗಳಿವೆ: ನೀಲಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಠಿಣ. 2,061 ಮೀಟರ್ ಎತ್ತರದ ಕ್ಲೈನೆ ಶೈಡೆಗ್ ಕಣಿವೆದಾರಿಯ ಸುತ್ತ, ಮೆನ್‌ಲಿಖನ್ ಬೆಟ್ಟದ ಬದಿಯಲ್ಲಿ ಅಗಲವಾದ ನೀಲಿ ಹಾದಿಗಳು ಸಿಗುತ್ತವೆ. 3,967 ಮೀಟರಿನ ಐಗರ್ ಶಿಖರದ ಉತ್ತರ ಗೋಡೆ ಪಕ್ಕದಲ್ಲೇ ಎದ್ದು ನಿಂತಿರುತ್ತದೆ. ಮುಂದೆ ಇಳಿಯುತ್ತಿರುವವರಿಗೇ ಮೊದಲ ಹಕ್ಕು, ಹಿಂದಿನಿಂದ ಬರುವವರೇ ತಪ್ಪಿಸಿಕೊಂಡು ಹೋಗಬೇಕು. ನಿಲ್ಲಬೇಕಾದರೆ ಅಂಚಿಗೆ ಬನ್ನಿ, ಕಿರಿದಾದ ತಿರುವಿನಲ್ಲಿ ನಿಲ್ಲಬೇಡಿ. ಸಂಜೆ ಹಾದಿ ಮುಚ್ಚಿದ ಮೇಲೆ ಅದರ ಮೇಲೆ ಕಾಲಿಡಲೇಬಾರದು. ಹಿಮ ಸಮ ಮಾಡುವ ಯಂತ್ರಗಳನ್ನು ಕಡಿದಾದ ಕಡೆ ಉಕ್ಕಿನ ಹಗ್ಗ ಕಟ್ಟಿ ನಡೆಸುತ್ತಾರೆ. ಕತ್ತಲಲ್ಲಿ ಆ ಹಗ್ಗ ಕಾಣುವುದಿಲ್ಲ, ಅದು ಪ್ರಾಣವನ್ನೇ ತೆಗೆಯಬಲ್ಲದು. ಗುರುತಿನ ಕಂಬಗಳ ಆಚೆಗಿನ ಹೊಸ ಹಿಮ ಎಷ್ಟು ಚೆಂದ ಕಂಡರೂ ಅತ್ತ ಹೋಗಬೇಡಿ. ದಾವೋಸ್‌ನ ಹಿಮಕುಸಿತ ಸಂಶೋಧನಾ ಸಂಸ್ಥೆ ಪ್ರತಿ ಸಂಜೆ 1ರಿಂದ 5ರವರೆಗಿನ ಅಪಾಯದ ಮಟ್ಟ ಪ್ರಕಟಿಸುತ್ತದೆ. ಮಟ್ಟ 3 ಎಂದರೆ ನಡುವಿನದು ಎಂದು ಹಗುರವಾಗಿ ತೆಗೆದುಕೊಳ್ಳುವವರಿದ್ದಾರೆ, ಹಿಮಕುಸಿತದ ಸಾವುಗಳಲ್ಲಿ ಸುಮಾರು ಅರ್ಧ ಆಗುವುದು ಅದೇ ಮಟ್ಟದ ದಿನಗಳಲ್ಲಿ.

ಸ್ಕೀ ಮಾಡದವರು ಹಿಂದೆ ಉಳಿಯಬೇಕಿಲ್ಲ. ನಡೆಯುವವರಿಗೆಂದೇ ಒತ್ತಿ ಸಮ ಮಾಡಿದ ಹಿಮದ ಹಾದಿಗಳಿವೆ, ಗುಲಾಬಿ ಬಣ್ಣದ ಫಲಕ ಅವುಗಳ ಗುರುತು. ಮೆನ್‌ಲಿಖನ್‌ಗೆ ಕೇಬಲ್ ಕಾರಿನಲ್ಲಿ ಹತ್ತಿ ಅಲ್ಲಿಂದ ಕ್ಲೈನೆ ಶೈಡೆಗ್‌ಗೆ ನಡೆಯುವ ಹಾದಿ ಬಹುಪಾಲು ಇಳಿಜಾರು. ಅತ್ತೆ ಅದನ್ನು ನಿಧಾನವಾಗಿ, ಬೂಟಿನಡಿ ಮುಳ್ಳಿನ ಪಟ್ಟಿ ಕಟ್ಟಿಕೊಂಡು, ಪೂರ್ತಿ ನಡೆದರು. ಮೇಲೆ ಬಿಸಿ ಚಾಕೊಲೆಟ್ ಕುಡಿಯುತ್ತ ನಮಗಾಗಿ ಕಾದಿದ್ದರು. ಸ್ಲೆಡ್ಜ್ ಆದರೆ ಯಾರಿಗೂ ತರಬೇತಿ ಬೇಡ, ಆದರೆ ಹೆಲ್ಮೆಟ್ ಬೇಕು. ಗಾಳಿ ಜೋರಾದ ದಿನ, ಅದರಲ್ಲೂ ದಕ್ಷಿಣದಿಂದ ಫ್ಯೋನ್ (Föhn) ಎಂಬ ಬೆಚ್ಚನೆ ಗಾಳಿ ಬೀಸಿದಾಗ, ಲಿಫ್ಟ್‌ಗಳು ನಿಲ್ಲುತ್ತವೆ. ಅಂಥ ದಿನ ಇಂಟರ್‌ಲಾಕನ್ ಅಥವಾ ಬರ್ನ್ ನೋಡಿ ಬನ್ನಿ. 3,454 ಮೀಟರ್ ಎತ್ತರದ ಯುಂಗ್‌ಫ್ರಾವ್‌ಯೋಖ್ ನಿಲ್ದಾಣಕ್ಕೆ ಹತ್ತುವ ರೈಲಿನ ಟಿಕೆಟ್ ದುಬಾರಿ, ಅದನ್ನು ಮೊದಲೇ ಕೊಳ್ಳದೆ ಬೆಳಿಗ್ಗೆ ಮೇಲಿನ ಕ್ಯಾಮೆರಾ ಚಿತ್ರ ನೋಡಿ ಆಕಾಶ ತಿಳಿಯಾಗಿದ್ದರೆ ಮಾತ್ರ ಕೊಳ್ಳಿ.

ಊಟಕ್ಕೆ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿಯಿರಿ. ಅಲ್ಲಿನ ಹೋಟೆಲ್ ಊಟದ ಬೆಲೆ ನೋಡಿದರೆ ಇದು ಉಳಿತಾಯಕ್ಕೂ ಒಳ್ಳೆಯದು. ಅವಲಕ್ಕಿ, ಉಪ್ಪಿಟ್ಟಿನ ರವೆ, ಸಾರಿನ ಪುಡಿ, ಚಟ್ನಿಪುಡಿ ಒಯ್ದಿದ್ದೆವು, ಅಕ್ಕಿ ಹಾಲು ಮೊಸರು ತರಕಾರಿ ಊರಿನ ಸೂಪರ್ ಮಾರ್ಕೆಟ್ಟಿನಲ್ಲೇ ಸಿಕ್ಕವು. ತುಪ್ಪ, ಹಾಲಿನ ಸಿಹಿ, ಹಸಿ ಕರಿಬೇವು ಭಾರತದಿಂದ ಒಯ್ಯುವಂತಿಲ್ಲ. ಬೆಟ್ಟದ ಮೇಲೆ ಸಸ್ಯಾಹಾರಿಗಳಿಗೆ ಆಲೂಗಡ್ಡೆಯ ರೋಸ್ಟಿ ಸುಲಭ ಆಯ್ಕೆ, ಬೇಕನ್ ಬೇಡ ಎಂದು ಹೇಳಿಯೇ ತರಿಸಿ. ಕರಗಿದ ಚೀಸ್‌ಗೆ ಬ್ರೆಡ್ ಅದ್ದಿ ತಿನ್ನುವ ಫಾಂಡ್ಯೂನಲ್ಲಿ ವೈನ್ ಇರುತ್ತದೆ, ಚೀಸ್‌ನಲ್ಲಿ ಹಾಲು ಗಟ್ಟಿಯಾಗಲು ಹಾಕುವ, ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಇರಬಹುದು. ಕಟ್ಟುನಿಟ್ಟಿನವರು ಕೇಳಿಕೊಳ್ಳಿ. ನಲ್ಲಿ ನೀರು ಧಾರಾಳವಾಗಿ ಕುಡಿಯಿರಿ.

ಹೊರಡುವ ಹಿಂದಿನ ಸಂಜೆಯೇ ಬಾಡಿಗೆ ಸಾಮಾನು ಹಿಂತಿರುಗಿಸಿ ರಸೀತಿ ಪಡೆಯಿರಿ, ಬೆಳಿಗ್ಗೆ ಅಂಗಡಿ ತೆರೆಯುವವರೆಗೆ ಕಾಯಲು ಆಗುವುದಿಲ್ಲ. ವೆಂಗೆನ್‌ನಿಂದ ಜೂರಿಕ್ ವಿಮಾನ ನಿಲ್ದಾಣಕ್ಕೆ ಹಲವು ಕಡೆ ರೈಲು ಬದಲಿಸಬೇಕು, ಮೂರೂವರೆ ಗಂಟೆಯಾದರೂ ಇಟ್ಟುಕೊಳ್ಳಿ. ವಿಮಾನ ಬೆಳಿಗ್ಗೆ ಬೇಗ ಇದ್ದರೆ ಹಿಂದಿನ ರಾತ್ರಿಯನ್ನು ಜೂರಿಕ್‌ನಲ್ಲೇ ಕಳೆಯಿರಿ.