ಓಪನ್‌ಓಸಿಡಿ ಬೋರ್ಡನ್ನು ಹಿಡಿಯದಿದ್ದಾಗ
12 ಜುಲೈ 2025, ಶನಿವಾರ

ಬೆಂಚಿನ ಮೇಲಿರುವುದು ಬ್ಲೂ ಪಿಲ್ ಬೋರ್ಡು: ಎಸ್‌ಟಿಎಂ32ಎಫ್103 ಚಿಪ್, 64 ಕೆಬಿ ಫ್ಲ್ಯಾಶ್, 20 ಕೆಬಿ ರ‍್ಯಾಮ್. ಜೊತೆಗೆ ಲ್ಯಾಪ್‌ಟಾಪನ್ನು ಚಿಪ್ಪಿಗೆ ಜೋಡಿಸುವ, ಎಸ್‌ಟಿ-ಲಿಂಕ್ ವಿ2 ಮಾದರಿಯ ಅಗ್ಗದ ಡಾಂಗಲ್. ಲ್ಯಾಪ್‌ಟಾಪಿನಲ್ಲಿ ಡಾಂಗಲ್ ಮೂಲಕ ಚಿಪ್ಪಿನೊಡನೆ ಮಾತಾಡುವ ಓಪನ್‌ಓಸಿಡಿ ಮತ್ತು ಕೋಡಿನ ತಪ್ಪು ಹುಡುಕುವ ಡೀಬಗರ್ ಜಿಡಿಬಿ.

ವೈರು ನಾಲ್ಕು ಸಾಕು: ಎಸ್‌ಡಬ್ಲ್ಯುಡಿಐಒ (ಡೀಬಗ್ ಡೇಟಾ), ಎಸ್‌ಡಬ್ಲ್ಯುಸಿಎಲ್‌ಕೆ (ಅದರ ಕ್ಲಾಕ್), ಗ್ರೌಂಡ್, 3.3 ವೋಲ್ಟ್. ಮೊದಲೆರಡು ಚಿಪ್ಪಿನ ಪಿಎ13, ಪಿಎ14ಕ್ಕೆ ಹೋಗುತ್ತವೆ. ಡಾಂಗಲಿನ ಅಲ್ಯೂಮಿನಿಯಂ ಕವಚದ ಮೇಲಿನ ಪಿನ್ ಕ್ರಮವನ್ನು ನಂಬುವ ಹಾಗಿಲ್ಲ. ಕವಚ ಜಾರಿಸಿ, ಒಳಗಿನ ಪಿಸಿಬಿಯಲ್ಲಿ ಅಚ್ಚಾದದ್ದನ್ನೇ ಓದಬೇಕು. ಬೋರ್ಡಿಗೆ ಯುಎಸ್‌ಬಿಯಿಂದ ಪವರ್ ಕೊಟ್ಟಿದ್ದರೆ ಡಾಂಗಲಿನ 3.3 ವೈರು ಬೇಡ, ಗ್ರೌಂಡ್ ಮಾತ್ರ ಬೇಕೇ ಬೇಕು. ಎಸ್‌ಟಿ ಕಂಪನಿಯ ಅಸಲಿ ವಿ2 ಇದಕ್ಕೆ ತದ್ವಿರುದ್ಧ: ಅದು ಬೋರ್ಡಿಗೆ ಪವರ್ ಕೊಡುವುದಿಲ್ಲ, ಬೋರ್ಡಿನ ವೋಲ್ಟೇಜನ್ನು ಅಳೆಯುತ್ತದೆ ಅಷ್ಟೆ. ಆ 3.3 ವೈರು ಹಾಕದೆ ‘ಟಾರ್ಗೆಟ್ ವೋಲ್ಟೇಜ್ 0’ ಎಂದು ಬಂದರೆ ಡಾಂಗಲ್ ಕೆಟ್ಟಿದೆ ಎಂದುಕೊಳ್ಳಬೇಡಿ.

ಓಪನ್‌ಓಸಿಡಿಗೆ ಎರಡು ಫೈಲು ತೋರಿಸಬೇಕು: ಇಂಟರ್‌ಫೇಸ್ ಫೋಲ್ಡರಿನಿಂದ ಎಸ್‌ಟಿಲಿಂಕ್, ಟಾರ್ಗೆಟ್ ಫೋಲ್ಡರಿನಿಂದ ಎಸ್‌ಟಿಎಂ32ಎಫ್1ಎಕ್ಸ್. ಲಿನಕ್ಸಿನಲ್ಲಿ ‘ಆಕ್ಸೆಸ್’ ಎರರ್ ಬಂದರೆ ಅದು ಪರ್ಮಿಷನ್ ತಕರಾರು. ಡಾಂಗಲಿನ ಯುಎಸ್‌ಬಿ ಗುರುತಾದ ವೆಂಡರ್ 0483, ಪ್ರಾಡಕ್ಟ್ 3748ಕ್ಕೆ ಯುಡೆವ್ ರೂಲ್ (ಸಾಧನವನ್ನು ಯಾರು ಬಳಸಬಹುದೆಂಬ ಲಿನಕ್ಸ್ ನಿಯಮ) ಬರೆದು ಡಾಂಗಲ್ ಕಿತ್ತು ಮತ್ತೆ ಚುಚ್ಚಿದರೆ ಮುಗಿಯಿತು. ದಿನಾ ಸುಡೋ ಹಾಕಿ, ಅಂದರೆ ಅಡ್ಮಿನ್ ಅಧಿಕಾರದಲ್ಲಿ, ನಡೆಸುವುದು ಸೋಮಾರಿ ದಾರಿ.

‘ಅನ್‌ಎಕ್ಸ್‌ಪೆಕ್ಟೆಡ್ ಐಡಿಕೋಡ್’ (ಚಿಪ್ಪಿನ ಗುರುತು ಸಂಖ್ಯೆ ನಿರೀಕ್ಷಿಸಿದ್ದಲ್ಲ) ಎಂದರೆ ವೈರು ಸರಿಯಿದೆ, ಚಿಪ್ ಬೇರೆಯದು. ಅಸಲಿ ಚಿಪ್ 1ಬಿಎ01477 ಎಂದು ಉತ್ತರಿಸುತ್ತದೆ, ಅನೇಕ ನಕಲಿ ಚಿಪ್ಪುಗಳು 2ಬಿಎ01477 ಎನ್ನುತ್ತವೆ. ಓಪನ್‌ಓಸಿಡಿ ಎದುರುನೋಡುವ ಗುರುತನ್ನು ಹೇಳುವ ಸಿಪಿಯುಟ್ಯಾಪ್‌ಐಡಿಗೆ ಆ ಸಂಖ್ಯೆ ಕೊಟ್ಟರೆ ಕೆಲಸ ನಡೆಯುತ್ತದೆ, ಆದರೆ ಆ ಸಾಲು ಟಾರ್ಗೆಟ್ ಫೈಲಿಗಿಂತ ಮೊದಲು ಬರಬೇಕು.

ನಿಜವಾಗಿ ಕಾಡುವುದು ‘ಇನಿಟ್ ಮೋಡ್ ಫೇಲ್ಡ್’, ಅಂದರೆ ಚಿಪ್ ಸಿಗಲೇ ಇಲ್ಲ ಎಂಬ ಎರರ್. ನಿನ್ನೆ ಸಿಕ್ಕ ಬೋರ್ಡು ಇವತ್ತು ಸಿಗದಿದ್ದರೆ ಮೊದಲ ಅನುಮಾನ ಅದರೊಳಗಿನ ಪ್ರೋಗ್ರಾಮಿನ ಮೇಲೆ. ಎಸ್‌ಟಿಯ ಕೋಡ್ ತಯಾರಿಸುವ ಸಾಧನ ಕ್ಯೂಬ್‌ಎಂಎಕ್ಸ್‌ನಲ್ಲಿ ಡೀಬಗ್ ಆಯ್ಕೆಯನ್ನು ‘ಸೀರಿಯಲ್ ವೈರ್’ ಮಾಡದೆ ಬಿಟ್ಟರೆ, ಕೋಡ್ ಓಡಿದ ಕೂಡಲೇ ಪಿಎ13, ಪಿಎ14 ಡೀಬಗ್ ಕೆಲಸ ಬಿಟ್ಟುಬಿಡುತ್ತವೆ. ಒಳಗೆ ಕೂತು ಚಿಲಕ ಹಾಕಿಕೊಂಡ ಹಾಗೆ. ರೀಸೆಟ್ ಬಟನ್ ಒತ್ತಿ ಹಿಡಿದು ಸಮಯ ನೋಡಿ ಬಿಡುವ ಉಪಾಯ ಒಮ್ಮೆ ಫಲಿಸಿದರೆ ಒಮ್ಮೆ ಕೈಕೊಡುತ್ತದೆ. ಡಾಂಗಲಿನ ಆರ್‌ಎಸ್‌ಟಿ (ರೀಸೆಟ್) ಪಿನ್ ನೆಚ್ಚಿಕೊಳ್ಳುವುದೂ ಕಷ್ಟ, ಹಲವು ನಕಲುಗಳಲ್ಲಿ ಅದು ಎಸ್‌ಟಿಎಂ8 ಎಂಬ ಬೇರೆ ಚಿಪ್ ಸಾಲಿಗೆ ಮಾತ್ರ. ಖಾತ್ರಿಯ ದಾರಿ ಬೂಟ್0: ಆ ಜಂಪರನ್ನು 1ಕ್ಕೆ ಹಾಕಿ ರೀಸೆಟ್ ಮಾಡಿದರೆ ಚಿಪ್ ತನ್ನ ಆರ್‌ಒಎಂನಲ್ಲಿ (ಅಳಿಸಲಾಗದ ಮೆಮೊರಿಯಲ್ಲಿ) ಇರುವ ಬೂಟ್‌ಲೋಡರ್ ಓಡಿಸುತ್ತದೆ, ನಮ್ಮ ಕೋಡ್ ಓಡುವುದೇ ಇಲ್ಲ, ಪಿನ್ನುಗಳು ತೆರೆದೇ ಇರುತ್ತವೆ. ಓಪನ್‌ಓಸಿಡಿಯ ಪೋರ್ಟ್ 4444ಕ್ಕೆ ಟೆಲ್‌ನೆಟ್ ಮಾಡಿ, ಹಾಲ್ಟ್ ಕೊಟ್ಟು, ಮಾಸ್ ಇರೇಸ್ (ಫ್ಲ್ಯಾಶ್ ಪೂರ್ತಿ ಅಳಿಸುವುದು) ನಡೆಸಿ, ಜಂಪರ್ 0ಕ್ಕೆ ತರಬೇಕು. ಫ್ಲ್ಯಾಶಿಗೆ ರೀಡ್ ಪ್ರೊಟೆಕ್ಷನ್ ಹಾಕಿದ್ದರೆ ಅನ್‌ಲಾಕ್ ಬೇಕು, ಅದು ಇಡೀ ಫ್ಲ್ಯಾಶನ್ನು ಅಳಿಸುತ್ತದೆ.

ಜಿಡಿಬಿ ಪೋರ್ಟ್ 3333. ಟಾರ್ಗೆಟ್ ಎಕ್ಸ್‌ಟೆಂಡೆಡ್-ರಿಮೋಟ್, ಮಾನಿಟರ್ ರೀಸೆಟ್ ಹಾಲ್ಟ್, ಲೋಡ್, ಬ್ರೇಕ್ ಮೇನ್, ಕಂಟಿನ್ಯೂ: ಜಿಡಿಬಿಗೆ ಕಮಾಂಡುಗಳು ಈ ಕ್ರಮದಲ್ಲೇ. ಫ್ಲ್ಯಾಶಿನಲ್ಲಿರುವ ಕೋಡಿಗೆ ಹಾರ್ಡ್‌ವೇರ್ ಬ್ರೇಕ್‌ಪಾಯಿಂಟು (ಕೋಡ್ ನಿಲ್ಲಿಸುವ ಗುರುತು) ಒಟ್ಟು 6. ಏಳನೆಯದು ಹಾಕಿದರೆ, ಚಿಪ್ಪಿನಲ್ಲಿ ಬ್ರೇಕ್‌ಪಾಯಿಂಟು ನೋಡಿಕೊಳ್ಳುವ ಎಫ್‌ಪಿಬಿ ಭಾಗದ ಬಗ್ಗೆ ‘ಎಫ್‌ಪಿಬಿ ಕಂಪ್ಯಾರೇಟರ್ ಖಾಲಿ ಇಲ್ಲ’ ಎಂಬರ್ಥದ ಎರರ್ ಬರುತ್ತದೆ. ಹಳೆಯದೊಂದನ್ನು ಡಿಲೀಟ್ ಮಾಡಿ ಮುಂದುವರಿಸಬೇಕು.