ಕಾಗದ ಅಂಟಿಸಿದ ಪುಟಗಳು

"ನಾನೂ ಪಿನ್ ಹೊಡೆಸಿದ್ದೆ ಕಣೇ."

ಕಳೆದ ಶನಿವಾರ ಟ್ರಾಯ್ ಊರಿನ ಪಾರ್ಕಿನಲ್ಲಿ ಅಮ್ಮ ಆಡಿದ ಮಾತು. ಐದು ದಿನವಾಯಿತು, ಕಿವಿಯಿಂದ ಹೋಗುತ್ತಿಲ್ಲ.

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ನಾವಿರುವ ಆಲ್ಬನಿಯಿಂದ ಹಡ್ಸನ್ ನದಿ ದಾಟಿದರೆ ಟ್ರಾಯ್. ಅಲ್ಲಿನ ಎಮ್ಮಾ ವಿಲ್ಲರ್ಡ್ ಪ್ರತಿಮೆ ತೋರಿಸೋಣ ಅಂತ ಅಮ್ಮನನ್ನು ಕರೆದೊಯ್ದಿದ್ದೆ. ಕುರ್ಚಿಯಲ್ಲಿ ಕುಳಿತ ಕಂಚಿನ ಹೆಂಗಸನ್ನು ನೋಡಿ "ಯಾರೇ ಇವರು, ರಾಣಿಯಾ?" ಅಂದಳು. "ಅಲ್ಲಮ್ಮ, ನಿನ್ನ ಹಾಗೇ ಟೀಚರ್" ಅಂದೆ. ಮಲೆನಾಡಿನ ಒಂದು ಹೈಸ್ಕೂಲಿನಲ್ಲಿ 29 ವರ್ಷ ವಿಜ್ಞಾನ ಕಲಿಸಿದವಳು ಅಮ್ಮ. ಟೀಚರ್ ಅಂದದ್ದೇ ತಡ, ಬೆಂಚಿನ ಮೇಲೆ ಕೂತು ಎಲ್ಲಾ ಹೇಳು ಅಂದಳು.

ಎಮ್ಮಾ ಹುಟ್ಟಿದ್ದು 1787ರಲ್ಲಿ, ಕನೆಕ್ಟಿಕಟ್‌ನಲ್ಲಿ, 17 ಮಕ್ಕಳಲ್ಲಿ ಹದಿನಾರನೆಯವಳಾಗಿ. ಹೆಣ್ಣುಮಕ್ಕಳಿಗೆ ಕಾಲೇಜಿನ ಬಾಗಿಲು ಮುಚ್ಚಿದ್ದ ಕಾಲ. ಕಾಲೇಜಿಗೆ ಹೋಗುತ್ತಿದ್ದ ಗಂಡನ ಕಡೆಯ ಹುಡುಗನ ಪುಸ್ತಕಗಳನ್ನೇ ತೆಗೆದುಕೊಂಡು ಓದಿದಳು. ಹೆಣ್ಣುಮಕ್ಕಳ ಶಾಲೆಗೂ ಸರ್ಕಾರ ಹಣ ಕೊಡಬೇಕೆಂದು 1819ರಲ್ಲಿ ನ್ಯೂಯಾರ್ಕ್ ಶಾಸನಸಭೆಯ ಮುಂದೆ ಯೋಜನೆ ಇಟ್ಟಳು. ದುಡ್ಡು ಬರಲಿಲ್ಲ. ಕೊನೆಗೆ ಟ್ರಾಯ್ ಊರಿನವರು ತೆರಿಗೆಯಿಂದ 4,000 ಡಾಲರ್ ಕೂಡಿಸಿಕೊಟ್ಟರು. 1821ರಲ್ಲಿ ಶಾಲೆ ಶುರುವಾಯಿತು. ಶಂಕು, ಪಿರಮಿಡ್ ತೋರಿಸಲು ಆಲೂಗಡ್ಡೆ ಕೆತ್ತುತ್ತಿದ್ದಳಂತೆ ಅಂದಾಗ ಅಮ್ಮನ ಮುಖ ಅರಳಿತು. "ನಾನು ಬಟ್ಟೆ ಸೋಪಿನಲ್ಲಿ ಕೆತ್ತಿಸ್ತಿದ್ದೆ!"

ಆಮೇಲೆ ಅವಳ ಶಾಲೆಯ ಒಂದು ತರಗತಿಯ ಕಥೆ ಹೇಳಿದೆ. 1830ರ ದಶಕದಲ್ಲಿ ತಾಯಂದಿರು ಪಾಠ ನೋಡಲು ಬಂದಿದ್ದರಂತೆ. ಹುಡುಗಿಯೊಬ್ಬಳು ಬೋರ್ಡಿನ ಮೇಲೆ ಹೃದಯ ಬರೆದು, ರಕ್ತ ಹರಿಯುವ ದಾರಿ ತೋರಿಸುತ್ತಿದ್ದಳು. ತಾಯಂದಿರು ನಾಚಿ ಎದ್ದು ಹೊರಟೇಹೋದರು. ಹುಡುಗಿಯರ ಮರ್ಯಾದೆ ಕಾಯಲೆಂದು ಪುಸ್ತಕದಲ್ಲಿ ಮೈಯ ಚಿತ್ರಗಳಿದ್ದ ಪುಟಗಳ ಮೇಲೆ ದಪ್ಪ ಕಾಗದ ಅಂಟಿಸಬೇಕಾಯಿತು.

ಅಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಸುಮ್ಮನೆ ಕೂತಳು. ಆಗ ಬಂತು ಆ ಮಾತು.

ಹತ್ತನೇ ತರಗತಿಯ ಸಂತಾನೋತ್ಪತ್ತಿ ಪಾಠ. ಯಾರೋ ಪೋಷಕರು ತಕರಾರು ತೆಗೆದಿದ್ದರು. ಹೆಡ್ಮಾಸ್ಟರು ಕರೆದು, "ಟೀಚರೇ, ಅದನ್ನ ಮನೇಲೇ ಓದ್ಕೊಳ್ಳಲಿ ಬಿಡಿ" ಅಂದರು. ಅಮ್ಮ ಗುಂಡುಸೂಜಿ ಡಬ್ಬಿಯನ್ನು ಬೆಂಚಿನಿಂದ ಬೆಂಚಿಗೆ ಕಳಿಸಿ, ಹುಡುಗಿಯರ ಕೈಯಲ್ಲೇ ಆ ಪುಟಗಳಿಗೆ ಪಿನ್ ಹೊಡೆಸಿದಳು. "ಮುಂದಿನ ಬೆಂಚಿನವಳು ಚುಚ್ಚೋವಾಗ ನನ್ನನ್ನೇ ನೋಡಿದಳು ಕಣೇ. ಅವಳಿಗೆ ಏನೋ ಕೇಳೋದಿತ್ತು."

ಅಮ್ಮನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆ ಹೆಡ್ಮಾಸ್ಟರ ಮೇಲೆ ಬಂತು, ಇನ್ನೂ ಇದೆ. ಟ್ರಾಯ್‌ನ ತಾಯಂದಿರ ಮೇಲೂ ಸಿಟ್ಟಿಲ್ಲ. ತಮ್ಮದೇ ಎದೆಯೊಳಗೆ ಏನಿದೆಯೆಂದು ಅವರಿಗೆ ಯಾರು ತಾನೇ ಹೇಳಿಕೊಟ್ಟಿದ್ದರು? ಎಮ್ಮಾಳ ಎಲ್ಲವೂ ನನಗೆ ಒಪ್ಪಿಗೆ ಅಂತಲ್ಲ. ಅವಳ ಶಾಲೆಯಲ್ಲೇ ಕಲಿತ ಎಲಿಜಬೆತ್ ಕೇಡಿ ಸ್ಟ್ಯಾಂಟನ್ ಹೆಂಗಸರ ಮತದಾನದ ಹಕ್ಕಿಗಾಗಿ ಬೀದಿಗಿಳಿದಾಗ, ಗುರು ಜೊತೆ ನಿಲ್ಲಲಿಲ್ಲ. ಅದು ನನ್ನನ್ನು ಈಗಲೂ ಚುಚ್ಚುತ್ತದೆ. ಆದರೆ 1846ರಲ್ಲಿ ಅವಳು ಬರೆದ ಪುಸ್ತಕಗಳಲ್ಲಿ ಒಂದು ಯಾವುದರ ಬಗ್ಗೆ ಗೊತ್ತೆ? ರಕ್ತ ಪರಿಚಲನೆಯ ಬಗ್ಗೆ! ತಾಯಂದಿರು ಎದ್ದುಹೋದ ಅದೇ ವಿಷಯ. ರಕ್ತವನ್ನು ನಡೆಸುವ ಮುಖ್ಯ ಶಕ್ತಿ ಉಸಿರಾಟ ಎಂದು ಅವಳ ವಾದ.

"ತಪ್ಪು," ಅಂದಳು ಅಮ್ಮ ತಕ್ಷಣ. "ಹೃದಯವೇ ಪಂಪು." ಸ್ವಲ್ಪ ಹೊತ್ತು ಬಿಟ್ಟು, "ಆದ್ರೂ ಬರೆದರಲ್ಲೇ" ಅಂದಳು.

ನಿನ್ನೆ ಊಟಕ್ಕೆ ಕೂತಾಗಲೂ ಅದೇ. "ಆ ಹುಡುಗಿ ಮುಖ ಕಣ್ಣ ಮುಂದೇ ಇದೆ, ಹೆಸರು ನೆನಪಾಗ್ತಿಲ್ಲ." ಇವತ್ತು ಬೆಳಗ್ಗೆ ಎದ್ದು ನೋಡಿದರೆ ಊರಿನ ಹಳೇ ಸಹೋದ್ಯೋಗಿಗೆ ವಾಟ್ಸಾಪ್‌ನಲ್ಲಿ ಫೋನ್ ಹಚ್ಚಿ ಕೂತಿದ್ದಳು, ಆ ವರ್ಷದ ಹತ್ತನೇ ತರಗತಿಯ ಹುಡುಗಿಯರ ಹೆಸರುಗಳನ್ನು ಒಂದೊಂದಾಗಿ ಕೇಳುತ್ತಾ.