ಬೋರ್ಡ್ ಗೇಮ್ ಡಿಸೈನ್ ಕಲಿಯೋಕೆ ‘ಒಂದೇ ಒಂದು ಲಿಂಕ್’ ಕೇಳೋರಿಗೆ

ವಾರಕ್ಕೆ ಒಬ್ಬರಾದ್ರೂ ಕೇಳ್ತಾರೆ, ಬೋರ್ಡ್ ಗೇಮ್ ಡಿಸೈನ್ ಮಾಡೋ ಆಸೆ ಇದೆ, ಎಲ್ಲಿಂದ ಕಲೀಲಿ, ಯಾವ ಪುಸ್ತಕ, ಯಾವ ಕೋರ್ಸು ಅಂತ. ಇಷ್ಟೇ ಕೇಳಿದ್ರೆ ನನಗೆ ಖುಷೀನೇ. ಆದ್ರೆ ಅದರ ಬಾಲಕ್ಕೆ ‘ಜಾಸ್ತಿ ಏನೂ ಬೇಡ, ಒಂದೇ ಒಂದು ಬೆಸ್ಟ್ ಲಿಂಕ್ ಕಳ್ಸಿ ಸಾಕು’ ಅಂತ ಸೇರಿಸ್ತಾರಲ್ಲ, ಅಲ್ಲಿ ಮೈ ಉರಿಯುತ್ತೆ. ದಡದಲ್ಲಿ ನಿಂತ್ಕೊಂಡು ಈಜೋಕೆ ಲಿಂಕ್ ಕೇಳ್ತೀರೇನ್ರೀ?

ಸರಿ, ಲಿಂಕಿನ ವಿಷಯ ಮೊದಲೇ ಹೇಳಿ ಮುಗಿಸ್ತೀನಿ. ಇಯಾನ್ ಶ್ರೈಬರ್ ಅನ್ನೋರು 2009ರಲ್ಲಿ ‘ಗೇಮ್ ಡಿಸೈನ್ ಕಾನ್ಸೆಪ್ಟ್ಸ್’ ಅಂತ ಒಂದು ಕೋರ್ಸನ್ನ ಆನ್‌ಲೈನಲ್ಲಿ ಫ್ರೀಯಾಗಿ ನಡೆಸಿದ್ರು, ಹೊಸಬರಿಗೆ ನಾನು ಮೊದಲು ಹೇಳೋದು ಅದನ್ನೇ. ಅದರ ಮೊದಲನೇ ಪಾಠದಲ್ಲೇ ಹಾಳೆ ಮೇಲೆ ಒಂದು ದಾರಿ ಗೀಚಿ, 15 ನಿಮಿಷದಲ್ಲಿ ಒಂದು ಆಟ ಮಾಡಿ ಅಂತ ಹೇಳ್ತಾರೆ. ಇದನ್ನ ಎಷ್ಟು ಜನಕ್ಕೆ ಕಳ್ಸಿದೀನೋ ಲೆಕ್ಕ ಇಲ್ಲ. ‘ಓದ್ದೆ, ಸೂಪರ್’ ಅಂತಾರೆ, ಆ 15 ನಿಮಿಷದ ಆಟ ಎಲ್ಲಪ್ಪಾ ಅಂದ್ರೆ ‘ಅದೊಂದು ಬಿಟ್ಟೆ, ಮಿಕ್ಕಿದ್ದೆಲ್ಲ ಓದ್ದೆ’ ಅಂತಾರೆ. ಆಮೇಲೆ ಜೆಫ್ ಎಂಗಲ್‌ಸ್ಟೈನ್ ಮತ್ತು ಐಸಾಕ್ ಶಲೇವ್ ಬರೆದ ‘ಬಿಲ್ಡಿಂಗ್ ಬ್ಲಾಕ್ಸ್ ಆಫ್ ಟೇಬಲ್‌ಟಾಪ್ ಗೇಮ್ ಡಿಸೈನ್’ ಇದೆ, 2019ರಲ್ಲಿ ಬಂದಿದ್ದು, ಹರಾಜು, ವರ್ಕರ್ ಪ್ಲೇಸ್‌ಮೆಂಟ್ (ಬೋರ್ಡಿನ ಜಾಗಗಳಲ್ಲಿ ನಮ್ಮ ಆಳುಗಳನ್ನ ಕೂರಿಸಿ ಕೆಲಸ ಮಾಡಿಸೋದು), ಡ್ರಾಫ್ಟಿಂಗ್ (ಮುಂದಿರೋ ಕಾರ್ಡುಗಳಲ್ಲಿ ಒಂದೊಂದೇ ಆರಿಸ್ಕೊಳ್ಳೋದು) ಹೀಗೆ ಒಂದೊಂದು ಮೆಕ್ಯಾನಿಸಮ್ಮನ್ನೂ, ಅಂದ್ರೆ ಆಟ ನಡೆಯೋ ಬಗೆನೂ ಬಿಡಿಸಿ ಹೇಳುತ್ತೆ, ಆದ್ರೆ ಅದು ನಿಘಂಟಿನ ಥರ, ಬೇಕಾದಾಗ ತೆಗೆದು ನೋಡೋದು. ನಿಘಂಟು ಬಾಯಿಪಾಠ ಮಾಡಿ ಯಾರೂ ಕವಿ ಆಗಿಲ್ಲ.

ನನಗೆ ಇಷ್ಟೊಂದು ಸಿಟ್ಟು ಯಾಕೆ ಅಂದ್ರೆ ಒಬ್ಬ ಹುಡುಗ. ಬ್ಯಾಗಿಂದ ತಾನೇ ಮಾಡಿದ ಆಟದ 212 ಕಾರ್ಡ್ ತೆಗೆದು ಟೇಬಲ್ ಮೇಲೆ ಇಟ್ಟ. ಒಂದೊಂದಕ್ಕೂ ಚಿತ್ರ, ಬಣ್ಣ, ಲ್ಯಾಮಿನೇಷನ್, ಏನು ಚಂದ ಅಂತೀರಾ, ಎಂಟು ತಿಂಗಳ ರಾತ್ರಿಗಳು ಅದರಲ್ಲಿದ್ವು. ಎಷ್ಟು ಸಲ ಆಡಿಸಿದೀಯಾ ಅಂತ ಕೇಳಿದೆ. ಒಂದು ಸಲಾನೂ ಇಲ್ಲ, ಬ್ಯಾಲೆನ್ಸಿಂಗ್ (ಯಾರಿಗೂ ಜಾಸ್ತಿ ಅನುಕೂಲ ಆಗದ ಹಾಗೆ ಆಟ ಸರಿತೂಗಿಸೋದು) ಬಗ್ಗೆ ಒಳ್ಳೆ ಪುಸ್ತಕ ಸಿಕ್ಕಿದ್ಮೇಲೆ ಆಡಿಸೋಣ ಅಂತಿದೀನಿ ಅಂದ. ಕೂರಿಸ್ಕೊಂಡು ನಾಲ್ಕು ಜನ ಆಡಿದ್ವಿ. ಇಪ್ಪತ್ತು ನಿಮಿಷಕ್ಕೆ ಮೂರನೇ ಆಟಗಾರ್ತಿಗೆ ಮಾಡೋಕೇ ಏನೂ ಇರ್ಲಿಲ್ಲ, ಅವಳು ಪಾಪ ಕಾರ್ಡಿನ ಚಿತ್ರ ನೋಡ್ತಾ ಕೂತ್ಲು. ಎರಡು ದಾಳ ಹಾಕಿ 7 ಬಿದ್ರೂ 12 ಬಿದ್ರೂ ಒಂದೇ ಬಹುಮಾನ ಇಟ್ಟಿದ್ದ. 36 ಸಾಧ್ಯತೆಲಿ 7 ಬೀಳೋದು 6 ರೀತಿ, 12 ಬೀಳೋದು ಒಂದೇ ಒಂದು ರೀತಿ, ಹಂಗಾಗಿ 7ರ ಮೇಲೆ ಕೂತವರು ಗೆಲ್ತಾನೇ ಹೋದ್ರು, 12ರವರು ಕಾಯ್ತಾನೇ ಇದ್ರು. ಅದು ಅವನಿಗೆ ಕಣ್ಣೆದುರೇ ಗೊತ್ತಾಯ್ತು, ಪೆನ್ಸಿಲ್ ತಗೊಂಡು ಬರ್ಕೊಂಡ. ನನಗೆ ಎಷ್ಟು ಸಂತೋಷ ಆಯ್ತು ಅಂದ್ರೆ ಹೇಳೋಕಾಗಲ್ಲ. ಆಮೇಲೆ ಎದ್ದು ಹೋಗೋವಾಗ ಬಾಗಿಲ ಹತ್ರ ತಿರುಗಿ, ‘ಅಂದಹಾಗೆ, ಆ ಬ್ಯಾಲೆನ್ಸಿಂಗ್ ಪುಸ್ತಕ ಯಾವ್ದು ಅಂತ ಹೇಳ್ಲಿಲ್ಲ?’ ಅಂದ.

ಈಗಷ್ಟೇ ಓದಿದ್ಯಲ್ಲೋ ಮಾರಾಯ!

212 ಯಾಕೆ ಬೇಕಿತ್ತು ಹೇಳಿ. 2012ರಲ್ಲಿ ಬಂದ ಸೇಜಿ ಕನಾಯಿ ಅವರ ‘ಲವ್ ಲೆಟರ್’ ಅನ್ನೋ ಆಟದಲ್ಲಿ ಇದ್ದಿದ್ದು ಬರೀ 16 ಕಾರ್ಡು. ಕಮ್ಮಿ ಇದ್ರೆ ತಪ್ಪು ಬೇಗ ಕಾಣುತ್ತೆ, ಹರಿದು ಬಿಸಾಕೋಕೂ ನೋವಾಗಲ್ಲ. ಲ್ಯಾಮಿನೇಟ್ ಮಾಡಿದ ಕಾರ್ಡನ್ನ ಹರಿಯೋಕೆ ಯಾರಿಗೆ ಮನಸ್ಸು ಬರುತ್ತೆ?

ಇನ್ನೊಂದು, ನಿಮ್ಮ ಕಪಾಟಿನಲ್ಲಿ ಇರೋ ಆಟಾನೇ ದೊಡ್ಡ ಪಠ್ಯಪುಸ್ತಕ, ಅದನ್ನ ಯಾರೂ ಓದಲ್ಲ. 1995ರ ‘ಕ್ಯಾಟನ್’ ತಗೊಳ್ಳಿ, ಕ್ಲೌಸ್ ಟಾಯ್ಬರ್ ಅವರದ್ದು, ಎರಡು ದಾಳದಲ್ಲಿ ಬಿದ್ದ ನಂಬರಿನ ಜಾಗದ ಪಕ್ಕ ಮನೆ ಕಟ್ಟಿದವರಿಗೆ ಸಾಮಾನಿನ ಕಾರ್ಡ್ ಸಿಗೋ ಆಟ. ಅದರ ನಂಬರ್ ಬಿಲ್ಲೆಗಳ ಮೇಲೆ ಪುಟ್ಟ ಚುಕ್ಕಿ ಇರ್ತವೆ, 6ಕ್ಕೂ 8ಕ್ಕೂ ಐದು ಚುಕ್ಕಿ, 2ಕ್ಕೂ 12ಕ್ಕೂ ಒಂದೇ ಚುಕ್ಕಿ, ಅಂದ್ರೆ 36ರಲ್ಲಿ ಎಷ್ಟು ಸಲ ಅನ್ನೋ ಗಣಿತ ಬೋರ್ಡ್ ಮೇಲೇ ಬರೆದಿದೆ. 7 ಬಿದ್ರೆ ಬೋರ್ಡ್ ಮೇಲಿರೋ ಕಳ್ಳನ ಕಾಯಿನ ಸರಿಸ್ಬೇಕು, ಯಾರ ಕೈಲಿ 7ಕ್ಕಿಂತ ಜಾಸ್ತಿ ಕಾರ್ಡ್ ಇದೆಯೋ ಅವರು ಅರ್ಧ ಬಿಡ್ಬೇಕು. ಆ ಅರ್ಧ ಬಿಡೋ ರೂಲ್ ತೆಗೆದುಹಾಕಿ ಒಂದು ಸಂಜೆ ಆಡಿ ನೋಡಿ, ಜನ ಕೂಡಿಡೋಕೆ ಶುರು ಮಾಡ್ತಾರೆ, ವ್ಯಾಪಾರದ ಗಲಾಟೆ ತಣ್ಣಗಾಗುತ್ತೆ, ಆ ರೂಲ್ ಯಾಕೆ ಇತ್ತು ಅಂತ ನಿಮಗೆ ಯಾರೂ ಹೇಳಿಕೊಡ್ಬೇಕಿಲ್ಲ. ನಾನು ಹೀಗೆ ಎಷ್ಟೋ ಆಟದಿಂದ ಒಂದೊಂದು ರೂಲ್ ಕಿತ್ತು ಆಡಿದೀನಿ, ನನಗೆ ಇದರಷ್ಟು ಕಲಿಸಿದ್ದು ಇನ್ನೊಂದಿಲ್ಲ.

ನನ್ನನ್ನ ಯಾರಾದ್ರೂ ಕೇಳ್ಲಿ ಅಂತ ನಾನು ಕಾಯ್ತಿರೋ ಪ್ರಶ್ನೆ ಬೇರೇನೇ ಇದೆ. ಬೇರೆಯವರು ನಮ್ಮ ಆಟ ಆಡೋವಾಗ ಬಾಯಿ ಮುಚ್ಕೊಂಡು ಕೂರೋದು ಹೇಗೆ? ಇದು ನಿಜವಾಗ್ಲೂ ಕಷ್ಟ ಕಣ್ರೀ. ನನ್ನ ಒಂದು ಆಟದಲ್ಲಿ ಪಕ್ಕದವರ ಜೊತೆ ಕಾರ್ಡ್ ಬದಲಾಯಿಸ್ಕೊಳ್ಳೋ ರೂಲ್ ಇತ್ತು, ನನ್ನ ಪ್ರಾಣ ಅದು. ಪ್ರತಿ ಸಲ ಆಡಿಸೋವಾಗ್ಲೂ ‘ಬದಲಾಯಿಸ್ಬಹುದು ನೋಡಿ’ ಅಂತ ನೆನಪಿಸ್ತಿದ್ದೆ. ಒಂದಿನ ಒಬ್ಬರು ಮೆಲ್ಲಗೆ ಅಂದ್ರು, ‘ನೀವು ಹೇಳಿದಾಗ ಮಾತ್ರ ಅದನ್ನ ಮಾಡ್ತಿದೀವಿ, ಗಮನಿಸಿದ್ರಾ?’ ಆ ರಾತ್ರಿ ನಿದ್ದೆ ಬರ್ಲಿಲ್ಲ. ಬೆಳಿಗ್ಗೆ ಎದ್ದು ಆ ರೂಲ್ ಹೊಡೆದುಹಾಕಿದೆ. ಒಂದೂವರೆ ಗಂಟೆ ಎಳೀತಿದ್ದ ಆಟ ಮುಕ್ಕಾಲು ಗಂಟೆಗೆ ಮುಗೀತು, ಮೊದಲನೇ ಸಲ ‘ಇನ್ನೊಂದು ಆಟ ಹಾಕೋಣ’ ಅಂತ ಅವರಾಗೇ ಅಂದ್ರು.

ಅದಕ್ಕೇ ಈಗ ರೂಲ್ಸ್ ಹಾಳೆ ಟೇಬಲ್ ಮೇಲಿಟ್ಟು ದೂರ ಕೂರ್ತೀನಿ. ಯಾವಾಗ ಯಾರು ಫೋನ್ ತೆಗೆದ್ರು, ಯಾವ ಸಾಲನ್ನ ಎರಡು ಸಲ ಓದಿದ್ರು, ತಮ್ಮ ಸರದಿ ಅಲ್ಲದಾಗ ಬೋರ್ಡ್ ನೋಡ್ತಿದಾರಾ ಇಲ್ವಾ, ಇಷ್ಟೇ ಬರ್ಕೊಳ್ಳೋದು. ಮುಗಿದ್ಮೇಲೆ ‘ಹೇಗಿತ್ತು’ ಅಂತ ಕೇಳ್ಬೇಡಿ, ಎಲ್ಲರೂ ‘ಚೆನ್ನಾಗಿದೆ’ ಅಂತಾರೆ. ‘ಯಾವಾಗ ನಿಮ್ಮ ಕೈಲಿ ಏನೂ ಇಲ್ಲ ಅನ್ನಿಸ್ತು’ ಅಂತ ಕೇಳಿ. ಅವರು ಹೇಳೋ ತೊಂದರೆ ನಿಜಾನೇ ಇರುತ್ತೆ, ಅವರು ಹೇಳೋ ಪರಿಹಾರ ಮಾತ್ರ ಎಷ್ಟೋ ಸಲ ಸರಿ ಇರಲ್ಲ, ಅದನ್ನ ಹುಡುಕೋದು ನಮ್ಮ ಕೆಲಸ.

ಸಾಫ್ಟ್‌ವೇರ್ ಬಗ್ಗೇನೂ ಕೇಳ್ತಾರೆ. ನ್ಯಾನ್‌ಡೆಕ್ ಫ್ರೀ, ಸ್ಪ್ರೆಡ್‌ಶೀಟ್ ಕೊಟ್ರೆ ಕಾರ್ಡ್ ಮಾಡಿಕೊಡುತ್ತೆ. ದೂರದಲ್ಲಿರೋರ ಜೊತೆ ಆಡಿಸೋಕೆ ಟೇಬಲ್‌ಟಾಪ್ ಸಿಮ್ಯುಲೇಟರ್ ಇದೆ. ಎರಡೂ ಆಟನ ಐದನೇ ಸಲ ತಿದ್ದೋವಾಗ ಸಾಕು, ಮೊದಲನೇ ಸಲಕ್ಕೆ ಪೆನ್ಸಿಲ್ ಸಾಕು.

ಇನ್ಮೇಲೆ ನನಗೆ ಮೆಸೇಜ್ ಮಾಡೋರು ದಯವಿಟ್ಟು ಜೊತೆಗೆ ನಿಮ್ಮ ಆಟದ ಒಂದು ಫೋಟೋ ಹಾಕಿ, ಗೀಚಿದ ಹಾಳೆ ಆದ್ರೂ ಪರವಾಗಿಲ್ಲ, ಎಲ್ಲಿ ಸಿಕ್ಕಾಕೊಂಡಿದೆ ಅಂತ ಎರಡು ಸಾಲು ಬರೀರಿ. ಮೂರನೇ ಆಟಗಾರ್ತಿಗೆ ಬೋರ್ ಆಗ್ತಿದೆ ಅಂತ ಗೊತ್ತಾದ್ರೆ ಯಾವ ಪಾಠ, ಯಾವ ಪುಟ ಅಂತ ನಾನೇ ಹುಡುಕಿ ಕಳಿಸ್ತೀನಿ, ಹತ್ತು ಲಿಂಕ್ ಬೇಕಾದ್ರೂ ಕಳಿಸ್ತೀನಿ.